ಯುದ್ಧಕಾಲದ ಬೆಂಗಳೂರಿನಲ್ಲಿ ಕೆಲಸ ಕಲಿತ ಹುಡುಗರು

1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ಹುಟ್ಟಿದಾಗ ದುಡ್ಡಿತ್ತು, ಜಾಗವಿತ್ತು. ವಿಮಾನದ ಕೆಲಸ ಗೊತ್ತಿದ್ದವರು ಮಾತ್ರ ಇಲ್ಲಿ ಇರಲಿಲ್ಲವೆಂದೇ ಹೇಳಬೇಕು. ಉದ್ಯಮಿ ವಾಲ್‌ಚಂದ್ ಹೀರಾಚಂದರ ಜತೆ ಮೈಸೂರು ಸರ್ಕಾರವೂ ಬಂಡವಾಳ ಹಾಕಿತ್ತು. ಅಮೆರಿಕದ ಉದ್ಯಮಿ ವಿಲಿಯಂ ಪಾಲಿ ತಮ್ಮ ದೇಶದ ತಂತ್ರಜ್ಞರನ್ನು ಕರೆತಂದರು. ಅವರ ಕೈಕೆಳಗೆ ಇಲ್ಲಿನ ಹುಡುಗರು ಪಳಗಿದರು. 1941ರಲ್ಲೇ ಹಾರ್ಲೋ ತರಬೇತಿ ವಿಮಾನ ಆಕಾಶಕ್ಕೇರಿತು.

ರಿವೆಟ್ ಹೊಡೆಯುವುದನ್ನೇ ನೋಡಿ. ಅದು ಇಬ್ಬರ ಕೆಲಸ. ಒಬ್ಬ ಹೊರಗಿನಿಂದ ಗನ್ ಹಿಡಿದರೆ, ಇನ್ನೊಬ್ಬ ತಗಡಿನ ಹಿಂದೆ ಕಬ್ಬಿಣದ ಗಟ್ಟಿಯನ್ನು ಆನಿಸಿ ನಿಲ್ಲಬೇಕು. ಗಟ್ಟಿ ಚೂರು ಓರೆಯಾದರೂ ರಿವೆಟ್ಟಿನ ತಲೆ ಸೊಟ್ಟಗಾಗುತ್ತದೆ. ಡ್ರಿಲ್ ಹಾಕಿ ತೆಗೆದು, ತೂತು ಕೆಡದಂತೆ ಹೊಸದನ್ನು ಕೂರಿಸಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ.

1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಸುಪರ್ದಿಗೆ ಹೋಯಿತು. ಅಲ್ಲಿಂದ ಮುಂದೆ ರಿಪೇರಿಯದೇ ಭರಾಟೆ. ಕ್ಯಾಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು. ಕಲಿಯುವವನಿಗೆ ರಿಪೇರಿಗಿಂತ ಒಳ್ಳೆಯ ಪಾಠಶಾಲೆ ಸಿಗದು: ಒಂದು ವಿಮಾನದ ಪೆಟ್ಟು ಇನ್ನೊಂದರಂತೆ ಇರುವುದಿಲ್ಲ, ಪ್ರತಿಸಲವೂ ತಲೆ ಓಡಿಸಲೇಬೇಕು.

ಇತ್ತ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಕೊನೆಗೆ ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು.

ಆದರೆ ಕಾಲೇಜು ಮೆಟ್ಟಿಲು ಹತ್ತಲಾಗದ ಹುಡುಗರ ಗತಿ? ಆ ಚಿಂತೆ ಸರ್ ಎಂ. ವಿಶ್ವೇಶ್ವರಯ್ಯನವರಿಗಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಅವರು ಕಸುಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. 1943ರಲ್ಲಿ ತೆರೆದ ಆ ಸಂಸ್ಥೆಗೆ ಮಹಾರಾಜರ ಹೆಸರು ಬಂತು: ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಯುದ್ಧದ ನಡುವೆಯೂ ಅಲ್ಲಿ ಸಿನಿಮಾ ಛಾಯಾಗ್ರಹಣ ಕಲಿಸುವ ಧೈರ್ಯ ಮಾಡಿದ್ದು ದೊಡ್ಡ ಮಾತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿಂದಲೇ ಹೊರಟು, ಮುಂದೆ ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು.

ಯುದ್ಧ ಮುಗಿಯಿತು, ಮಿಲಿಟರಿ ಆರ್ಡರುಗಳು ನಿಂತವು. ವಿಮಾನ ಕಾರ್ಖಾನೆಯಲ್ಲಿ ರೈಲು ಬೋಗಿ, ಬಸ್ಸಿನ ಬಾಡಿ ಕಟ್ಟುವ ಕೆಲಸ ಹಿಡಿದರು. ಅದೇ ಕಾರ್ಖಾನೆಯಲ್ಲಿ, ಘಾಟಗೆಯವರ ವಿನ್ಯಾಸದಲ್ಲಿ ತಯಾರಾದ ಎಚ್‌ಟಿ-2 ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು.