ಒಂದೇ ಹೊತ್ತನ್ನು ಎರಡು ಸಲ ಎಣಿಸದಂತೆ: ಕಂಪ್ಯೂಟರ್ ಬಳಕೆಯ ಲೆಕ್ಕ ಬೆಳೆದು ಬಂದ ಬಗೆ

ಹೊಸ ತಾಲ್ಲೂಕುಗಳು ಆಗುವ ಮುಂಚೆ ವಿಜಯಪುರ ಜಿಲ್ಲೆಯಲ್ಲಿ ಇದ್ದದ್ದು ಐದೇ ತಾಲ್ಲೂಕು. ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದಾಗ, ಜಿಲ್ಲಾ ಕೇಂದ್ರದ ಜೊತೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರಿಗೂ 15 ರೂಪಾಯಿಗೆ ಮುದ್ರಿತ ಉತಾರ ಸಿಗತೊಡಗಿತು. ಕೌಂಟರಿನಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿ ಇಟ್ಟದ್ದು ಎಲ್ಲರ ಕಣ್ಣಿಗೆ ಬಿತ್ತು. ಅಷ್ಟಾಗಿ ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆಯೂ ಇತ್ತು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. ದಾಖಲೆ ತಿದ್ದಿದವರು ಯಾರು, ಯಾವಾಗ ಎಂಬುದು ಯಂತ್ರದಲ್ಲೇ ಉಳಿಯುತ್ತಿತ್ತು. ಸೈಬರ್ ಕೆಫೆಗಳಿಗೆ 2004ರಲ್ಲಿ ರಾಜ್ಯ ಸರ್ಕಾರ, 2011ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದವು. ಬಂದವರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು 2011ರ ನಿಯಮ ಹೇಳಿತು. ಹೀಗೆ ತಾಲ್ಲೂಕು ಮಟ್ಟದಲ್ಲೂ ಲಾಗಿನ್, ಲಾಗೌಟ್ ಸಾಲುಗಳು ರಾಶಿ ಬೀಳತೊಡಗಿದವು.

ಆ ರಾಶಿ ಹಿಡಿದು, ಈ ಕಂಪ್ಯೂಟರ್ ತಿಂಗಳಲ್ಲಿ ಎಷ್ಟು ತಾಸು ಬಳಕೆಯಾಯಿತು ಎಂದು ಕೇಳಿದರೆ ಉತ್ತರ ಬರೀ ಕೂಡಿಸುವ ಲೆಕ್ಕದಲ್ಲಿ ಸಿಗುವುದಿಲ್ಲ. ಒಂದು ದಿನವನ್ನು ಊಹಿಸಿಕೊಳ್ಳಿ. ಒಬ್ಬರು 10ಕ್ಕೆ ಲಾಗಿನ್ ಆಗಿ 12.30ರವರೆಗೆ ಇದ್ದಾರೆ. ಅವರ ಸೆಷನ್ ಮುಚ್ಚದೆಯೇ ಇನ್ನೊಬ್ಬರು 10.30ರಿಂದ 11ರವರೆಗೆ ತಮ್ಮ ಹೆಸರಿನಲ್ಲಿ ಕೆಲಸ ಮಾಡಿದ್ದಾರೆ. ಮೂರನೆಯದು 12ರಿಂದ 1ರವರೆಗೆ, ನಾಲ್ಕನೆಯದು 2.30ರಿಂದ 3.15ರವರೆಗೆ. ನಾಲ್ಕನ್ನೂ ಕೂಡಿಸಿದರೆ 4 ತಾಸು 45 ನಿಮಿಷ. ಆದರೆ ಯಂತ್ರ ನಿಜವಾಗಿ ಬಳಕೆಯಲ್ಲಿದ್ದದ್ದು 10ರಿಂದ 1ರವರೆಗೆ ಮತ್ತು ಆಮೇಲಿನ 45 ನಿಮಿಷ, ಒಟ್ಟು 3 ತಾಸು 45 ನಿಮಿಷ. ಮೇಲೆ ಮೇಲೆ ಬಿದ್ದ ಒಂದು ತಾಸು ಎರಡು ಸಲ ಎಣಿಕೆಯಾಗಿತ್ತು.

ಇದನ್ನು ಸರಿಪಡಿಸಲು ಹೊರಟವರು ಎಡವುವ ಜಾಗವೂ ಇದರಲ್ಲೇ ಇದೆ. ಸೆಷನ್‌ಗಳನ್ನು ಆರಂಭದ ಹೊತ್ತಿನ ಪ್ರಕಾರ ಜೋಡಿಸಿ, ಪ್ರತಿಯೊಂದನ್ನೂ ಅದರ ಹಿಂದಿನದರ ಜೊತೆ ಮಾತ್ರ ಹೋಲಿಸಿದರೆ, ಎರಡನೆಯದು 11ಕ್ಕೆ ಮುಗಿಯಿತಲ್ಲ, ಹಾಗಾದರೆ 11ರಿಂದ 12ರವರೆಗೆ ಯಂತ್ರ ಖಾಲಿ ಎಂದು ಪ್ರೋಗ್ರಾಂ ತಿಳಿಯುತ್ತದೆ. ಆಗ ಬರುವ ಮೊತ್ತ 2 ತಾಸು 45 ನಿಮಿಷ. ಮೊದಲನೆಯವರು 12.30ರವರೆಗೆ ಕೂತೇ ಇದ್ದರೆಂಬುದು ಮರೆತುಹೋಯಿತು. ಹಿಂದಿನ ಸಾಲಿನ ಕೊನೆಯನ್ನಲ್ಲ, ಅಲ್ಲಿಯವರೆಗೆ ಕಂಡ ಕೊನೆಗಳಲ್ಲೆಲ್ಲ ತಡವಾದದ್ದನ್ನು ನೆನಪಿಟ್ಟುಕೊಂಡು ಹೋಲಿಸಬೇಕು. ಇನ್ನೊಂದು ದಾರಿಯೂ ಇದೆ: ಪ್ರತಿ ಲಾಗಿನ್‌ಗೆ ಒಂದು ಕೂಡಿಸು, ಪ್ರತಿ ಲಾಗೌಟ್‌ಗೆ ಒಂದು ಕಳೆ, ಎಣಿಕೆ ಸೊನ್ನೆಗಿಂತ ಮೇಲಿದ್ದಷ್ಟು ಹೊತ್ತೂ ಬಳಕೆಯೇ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಕಚೇರಿಯ ಎಲ್ಲ ಯಂತ್ರಗಳ ಲಾಗನ್ನು ಒಟ್ಟಿಗೆ ಹಾಕಿ ಹೀಗೆ ಎಣಿಸಿದರೆ ಏಕಕಾಲಕ್ಕೆ ಗರಿಷ್ಠ ಎಷ್ಟು ಸೆಷನ್ ತೆರೆದಿದ್ದವು ಎಂಬುದೂ ಸಿಗುತ್ತದೆ. ಇನ್ನೊಂದು ಕಂಪ್ಯೂಟರ್ ಬೇಕೋ ಬೇಡವೋ ಎಂದು ನಿರ್ಧರಿಸಲು ಆಧಾರ ಅದೇ.

ಈ ಲೆಕ್ಕದ ಬೇರು ಕಂಪ್ಯೂಟರಿನ ಹೊತ್ತು ದುಬಾರಿಯಾಗಿದ್ದ ಕಾಲದಲ್ಲಿದೆ. ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೋ ತಂಡ 1961ರಲ್ಲಿ ತೋರಿಸಿತು. 1971ರ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಲಾಗಿನ್, ಲಾಗೌಟ್ ಬರೆದಿಡುವ ‘ಡಬ್ಲ್ಯೂಟಿಎಂಪಿ’ ಕಡತವಿದೆ. ಅದನ್ನು ಓದಿ ಮೊತ್ತ ಹೇಳುವ ‘ಎಸಿ’ ಆಜ್ಞೆ ಸೆಷನ್‌ಗಳನ್ನು ಸುಮ್ಮನೆ ಕೂಡಿಸುತ್ತದೆ. ಒಬ್ಬರೇ ಎರಡು ಟರ್ಮಿನಲ್‌ನಲ್ಲಿ ಕೂತಿದ್ದರೆ ಎರಡನ್ನೂ ಎಣಿಸುತ್ತದೆ. ಶುಲ್ಕ ವಸೂಲಿಗೆ ಅದು ಸರಿಯೇ. ಇಂಡಿಯ ನಿಂಬೆ ತೋಟದಲ್ಲಿ ಇಬ್ಬರು ಕಾಯಿ ಹರಿದರೆ ಕೂಲಿ ಇಬ್ಬರಿಗೂ ಕೊಡಬೇಕು, ತೋಟದಲ್ಲಿ ಕೆಲಸ ನಡೆದ ಹೊತ್ತು ಮಾತ್ರ ಒಂದೇ. ಯಾವುದರ ಲೆಕ್ಕ ಕೇಳುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು.

ಗಣಿತದ ಕಡೆಯಿಂದ ಇದನ್ನು ಕೈಗೆತ್ತಿಕೊಂಡವರು ವಿಕ್ಟರ್ ಕ್ಲೀ. ಒಂದರ ಮೇಲೊಂದು ಬಿದ್ದ ಅವಧಿಗಳ ಒಟ್ಟು ಅಳತೆಯನ್ನು, ಅವನ್ನು ವಿಂಗಡಿಸಿ ಜೋಡಿಸುವುದಕ್ಕಿಂತ ಬೇಗ ಕಂಡುಹಿಡಿಯಬಹುದೇ ಎಂದು 1977ರಲ್ಲಿ ಕೇಳಿದರು. ಮೈಕೆಲ್ ಫ್ರೆಡ್‌ಮನ್ ಮತ್ತು ಬ್ರೂಸ್ ವೈಡ್ 1978ರಲ್ಲಿ ಉತ್ತರಿಸಿದರು: ಸಾಮಾನ್ಯವಾಗಿ ಆಗದು. ಜೇಮ್ಸ್ ಆಲೆನ್ 1983ರಲ್ಲಿ ಎರಡು ಅವಧಿಗಳ ನಡುವೆ 13 ಬಗೆಯ ಸಂಬಂಧವಷ್ಟೇ ಸಾಧ್ಯವೆಂದು ಪಟ್ಟಿ ಮಾಡಿದರು. ಡೇಟಾಬೇಸ್‌ನವರು ತಮ್ಮ ದಾರಿಯಲ್ಲಿ ಬಂದರು. 2021ರ ಪೋಸ್ಟ್‌ಗ್ರೆಸ್ 14ರಲ್ಲಿ ಹಲವು ಅವಧಿಗಳನ್ನು ಬೆಸೆದು ಒಂದಾಗಿಸುವ ಸೌಲಭ್ಯ ಸಿದ್ಧವಾಗಿಯೇ ಸಿಗುತ್ತದೆ. ಲೆಕ್ಕದ ವಿಧಾನ ಹೆಚ್ಚುಕಡಿಮೆ ಮುಗಿದ ವಿಷಯ.

ಮುಗಿಯದಿರುವುದು ಲಾಗಿನ ಗುಣಮಟ್ಟ. ಯುಪಿಎಸ್ ಬ್ಯಾಟರಿ ಸತ್ತಿದ್ದು ಕರೆಂಟ್ ಹೋದರೆ ಲಾಗೌಟ್ ಸಾಲೇ ಬರೆಯಲ್ಪಡುವುದಿಲ್ಲ. ವಿಂಡೋಸ್ ಮತ್ತೆ ಎದ್ದಾಗ ಹಿಂದಿನ ಸಲ ಅನಿರೀಕ್ಷಿತವಾಗಿ ನಿಂತಿತೆಂದು 6008ರ ಸಂಖ್ಯೆಯಲ್ಲಿ ಒಂದು ಟಿಪ್ಪಣಿ ಹಾಕುತ್ತದೆ. ಅದನ್ನು ನೋಡದ ಪ್ರೋಗ್ರಾಂ ಶನಿವಾರ ತೆರೆದ ಸೆಷನ್ನನ್ನು ಸೋಮವಾರದವರೆಗೂ ಎಳೆದುಬಿಡುತ್ತದೆ, ಮತ್ತು ಆ ಒಂದು ಸಾಲು ಇಡೀ ವಾರದ ಮೊತ್ತವನ್ನು ನುಂಗುತ್ತದೆ. ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಹೋಗಿದ್ದರೆ ತಾರೀಖೇ ವರ್ಷಗಟ್ಟಲೆ ಹಿಂದಕ್ಕೆ ಜಿಗಿಯುತ್ತದೆ, ಆಗ ಲಾಗೌಟ್ ಲಾಗಿನ್‌ಗಿಂತ ಮುಂಚೆ ಬಂದಂತೆ ಕಾಣುತ್ತದೆ. ಲಾಗು ಜಾಗತಿಕ ಸಮಯದಲ್ಲಿದ್ದರೆ ಅದರ ದಿನ ಬದಲಾಗುವುದು ನಮ್ಮ ಬೆಳಗಿನ 5.30ಕ್ಕೆ, ಕಚೇರಿಗೆ ಇದು ಬಾಧಿಸದು, ರಾತ್ರಿಯೆಲ್ಲ ನಡೆಯುವ ಯಂತ್ರಕ್ಕೆ ಬಾಧಿಸುತ್ತದೆ. ಪರದೆ ಲಾಕ್ ಆಗಿದ್ದ ಹೊತ್ತು ಬಳಕೆಯೇ ಅಲ್ಲವೇ ಎಂಬುದಕ್ಕೂ ವಿಂಡೋಸ್ 4800, 4801 ಎಂಬ ಗುರುತು ಕೊಡುತ್ತದೆ, ಆದರೆ ಆಡಿಟ್ ಸೆಟ್ಟಿಂಗ್ ಆನ್ ಮಾಡಿದ್ದರೆ ಮಾತ್ರ.

ಇಂತಹ ಕಡೆ ಒಂದೇ ಅಂಕಿ ಕೊಡುವುದು ಓದುವವರಿಗೆ ಮಾಡುವ ಅನ್ಯಾಯ ಎಂದು ನಾನು ನಂಬಿದ್ದೇನೆ. ಮುಚ್ಚದ ಸೆಷನ್ನನ್ನು ಅದರಲ್ಲಿ ಕೊನೆಯದಾಗಿ ಕಂಡ ಕೆಲಸದ ಹೊತ್ತಿಗೆ ಕತ್ತರಿಸಿ ಒಂದು ಮೊತ್ತ, ಯಂತ್ರ ನಿಂತಿತೆಂದು ತಿಳಿದ ಹೊತ್ತಿನವರೆಗೆ ಎಳೆದು ಇನ್ನೊಂದು ಮೊತ್ತ, ಎರಡನ್ನೂ ವರದಿಯಲ್ಲಿ ಅಕ್ಕಪಕ್ಕ ಬರೆಯಬೇಕು. ಮುಚ್ಚದ ಸೆಷನ್‌ಗಳು ಎಷ್ಟಿದ್ದವು ಎಂಬುದನ್ನೂ ಕೆಳಗೆ ನಮೂದಿಸಬೇಕು. ಎರಡು ಮೊತ್ತಗಳ ನಡುವೆ ದೊಡ್ಡ ಅಂತರ ಬಂದ ಕಚೇರಿಗೆ ಮೊದಲು ಕೊಡಬೇಕಾದದ್ದು ಹೊಸ ಯುಪಿಎಸ್ ಬ್ಯಾಟರಿ.