ಮೌಸರ್ ಸಿ96 ಪಿಸ್ತೂಲು

ಮೌಸರ್ ಸಿ96: ಜರ್ಮನಿಯ ನೆಕ್ಕರ್ ನದಿ ದಂಡೆಯ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯಲ್ಲಿ ತಯಾರಾದ ಅರೆಸ್ವಯಂಚಾಲಿತ ಪಿಸ್ತೂಲು. 1896ರಲ್ಲಿ ಆರಂಭವಾದ ಇದರ ತಯಾರಿಕೆ 1930ರ ದಶಕದ ಉತ್ತರಾರ್ಧದವರೆಗೆ ನಡೆಯಿತು. ಸುಮಾರು 10 ಲಕ್ಷ ಪಿಸ್ತೂಲುಗಳು ಹೊರಬಂದವೆಂದು ಅಂದಾಜು. ಸೈನ್ಯಕ್ಕೆಂದೇ ರೂಪಿಸಿದ ಆಯುಧವಾದರೂ ಯಾವ ದೊಡ್ಡ ದೇಶದ ಸೈನ್ಯವೂ ಇದನ್ನು ತನ್ನ ಮುಖ್ಯ ಪಿಸ್ತೂಲಾಗಿ ಸ್ವೀಕರಿಸಲಿಲ್ಲ. ಸ್ವಂತ ಹಣ ಕೊಟ್ಟು ಕೊಂಡ ಅಧಿಕಾರಿಗಳು, ಬಂಗಾಳದ ಕ್ರಾಂತಿಕಾರಿಗಳು, ಐರಿಷ್ ಸ್ವಯಂಸೇವಕರು, ಚೀನಾದ ಸೇನಾಧಿಪತಿಗಳ ಪಡೆಗಳು ಇದನ್ನು ಪ್ರಸಿದ್ಧಗೊಳಿಸಿದವು. ಆದ್ದರಿಂದ ಇದರ ಗುಣದೋಷಗಳನ್ನು ಅರಿಯಲು ಸರ್ಕಾರಿ ಪರೀಕ್ಷಾ ವರದಿಗಳಿಗಿಂತ ಬಳಸಿದವರ ಅನುಭವವೇ ಹೆಚ್ಚು ನೆರವಾಗುತ್ತದೆ.

ಹುಟ್ಟು

ವಿನ್ಯಾಸ ಫೀಡರ್‌ಲೆ ಸಹೋದರರಾದ ಫಿಡೆಲ್, ಫ್ರೀಡ್ರಿಖ್ ಮತ್ತು ಯೋಸೆಫ್ ಅವರದು. ಮೂವರೂ ಮೌಸರ್ ಕಾರ್ಖಾನೆಯ ನೌಕರರಾಗಿದ್ದರಿಂದ ಹಕ್ಕುಪತ್ರ 1895ರಲ್ಲಿ ಮಾಲೀಕ ಪಾಲ್ ಮೌಸರ್ ಹೆಸರಿಗೆ ಆಯಿತು. ಆ ಹೊತ್ತಿಗೆ ಹ್ಯೂಗೋ ಬೋರ್ಕಾರ್ಟ್‌ನ ಪಿಸ್ತೂಲು ಮಾರುಕಟ್ಟೆಯಲ್ಲಿತ್ತು. ಅದರ ತೋಟಾವನ್ನೇ ಆಧಾರವಾಗಿಟ್ಟುಕೊಂಡು ಹೆಚ್ಚು ಬಲದ 7.63 ಮಿ.ಮೀ. ಮೌಸರ್ ತೋಟಾವನ್ನು ರೂಪಿಸಲಾಯಿತು. ಸುಮಾರು 5.5 ಗ್ರಾಂ ತೂಕದ ಗುಂಡು ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ 430 ಮೀಟರಿನ ಆಸುಪಾಸಿನ ವೇಗ ಪಡೆಯುತ್ತಿತ್ತು. ಅಮೆರಿಕದಲ್ಲಿ .357 ಮ್ಯಾಗ್ನಮ್ ಬರುವವರೆಗೆ, ಅಂದರೆ 1935ರವರೆಗೆ, ಮಾರಾಟಕ್ಕಿದ್ದ ಕೈಬಂದೂಕಿನ ತೋಟಾಗಳಲ್ಲಿ ಇಷ್ಟು ವೇಗದ್ದು ಬೇರೆ ಇರಲಿಲ್ಲ ಎನ್ನಲಾಗುತ್ತದೆ. ಸೋವಿಯತ್ ಒಕ್ಕೂಟದ 7.62 ಮಿ.ಮೀ. ಟೋಕರೆವ್ ತೋಟಾ ಇದರದೇ ಸಂತಾನ.

ರಚನೆ

ಮೊದಲು ಕಣ್ಣಿಗೆ ಬೀಳುವುದು ಮ್ಯಾಗಜಿನ್ ಇರುವ ಜಾಗ. ಇಂದಿನ ಪಿಸ್ತೂಲುಗಳಲ್ಲಿ ಹಿಡಿಯೊಳಗೆ ಅಡಗಿರುವ ಮ್ಯಾಗಜಿನ್ ಇಲ್ಲಿ ಟ್ರಿಗರಿನ ಮುಂದೆ, ಚೌಕ ಡಬ್ಬಿಯಂತೆ ಕೆಳಗೆ ಇಳಿದಿದೆ. ಅದು ಕಳಚುವಂಥದ್ದಲ್ಲ, ಚೌಕಟ್ಟಿನದೇ ಭಾಗ; ಸಾಮಾನ್ಯ ಮಾದರಿಯಲ್ಲಿ 10 ತೋಟಾ ಹಿಡಿಯುತ್ತದೆ. ಹಿಡಿಯೊಳಗೆ ಏನೂ ಇಲ್ಲದ್ದರಿಂದ ಅದು ಸಣಕಲಾಗಿ, ದುಂಡಗೆ, ಪೊರಕೆಯ ಕಾವಿನಂತಿದೆ. ಇಂಗ್ಲಿಷರು ಇಟ್ಟ ಅಡ್ಡಹೆಸರೂ ಅದೇ. ಚೀನೀಯರು ಇದನ್ನು ಪೆಟ್ಟಿಗೆ ಫಿರಂಗಿ ಎಂದು ಕರೆದರು. ಆ ಪೆಟ್ಟಿಗೆ ಎಂದರೆ ಪಿಸ್ತೂಲಿನ ಒರೆ: ವಾಲ್‌ನಟ್ ಮರವನ್ನು ಕೊರೆದು ಮಾಡಿದ ಗಟ್ಟಿ ಒರೆಯ ತುದಿಯನ್ನು ಹಿಡಿಯ ಹಿಂಬದಿಯ ತೋಡಿಗೆ ಸಿಕ್ಕಿಸಿದರೆ ಅದೇ ಬಂದೂಕಿನ ದಸ್ತಿಯಾಗಿ ಭುಜಕ್ಕೆ ಒರಗುತ್ತಿತ್ತು.

ಒಳಗಿನ ಕೆಲಸ ನುರಿತ ಬಡಗಿಯ ಜೋಡಣೆಯನ್ನು ನೆನಪಿಸುತ್ತದೆ. ಮರದ ಹಿಡಿಪಟ್ಟಿಗಳನ್ನು ಕಚ್ಚಿಸುವ ಒಂದು ತಿರುಪು ಬಿಟ್ಟರೆ ಇಡೀ ಪಿಸ್ತೂಲಿನಲ್ಲಿ ತಿರುಪಿಲ್ಲ. ಒಂದೊಂದು ಉಕ್ಕಿನ ಬಿಡಿಭಾಗವೂ ಇನ್ನೊಂದರ ತೋಡಿನಲ್ಲಿ ಕೂತು, ತಿರುಗಿ, ಕಚ್ಚಿಕೊಳ್ಳುತ್ತದೆ. ನಳಿಗೆ ಮತ್ತು ಅದರ ಹಿಂದಿನ ಚಾಚು ಒಂದೇ ತುಂಡಿನಿಂದ ಕಡೆದವು. ಬೋಲ್ಟ್ ಆ ಚಾಚಿನೊಳಗೆ ಹಿಂದೆ ಮುಂದೆ ಓಡಾಡುತ್ತದೆ. ಗುಂಡು ಹಾರಿದಾಗ ನಳಿಗೆಯೂ ಬೋಲ್ಟೂ ಕೆಲವು ಮಿಲಿಮೀಟರು ಜೊತೆಯಾಗಿ ಹಿಂದೆ ಸರಿಯುತ್ತವೆ. ಆಮೇಲೆ ಕೆಳಗಿನ ಬೀಗದ ತುಂಡು ಇಳಿದು ಬೋಲ್ಟನ್ನು ಬಿಡುತ್ತದೆ, ಖಾಲಿ ಕೋಶ ಹೊರಗೆ ಚಿಮ್ಮುತ್ತದೆ. ಬಿಚ್ಚಿ ಒರೆಸಿ ಮತ್ತೆ ಕೂಡಿಸಲು ಬಲ್ಲವರಿಗೆ ಇದು ಬಲು ಚಂದದ ಯಂತ್ರ. ಆದರೆ ಇಷ್ಟು ನಯವಾದ ಜೋಡಣೆಗೆ ಕಾರ್ಖಾನೆಯಲ್ಲಿ ಅಪಾರ ಯಂತ್ರಕೆಲಸ ಬೇಕಿತ್ತು. ಲಕ್ಷಗಟ್ಟಲೆ ಕೊಳ್ಳಬೇಕಾದ ಸೈನ್ಯಗಳು ಹಿಂಜರಿದದ್ದಕ್ಕೆ ಬೆಲೆಯೂ ಒಂದು ಕಾರಣವೆಂದು ಹೇಳಬಹುದು.

ತೋಟಾ ತುಂಬುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಳಸಿದವರ ಮೆಚ್ಚುಗೆಗೂ ದೂರಿಗೂ ಅದೇ ಮೂಲ. ಹತ್ತು ತೋಟಾಗಳ ಕ್ಲಿಪ್ಪನ್ನು ಮೇಲಿನಿಂದ ತೋಡಿನಲ್ಲಿ ನಿಲ್ಲಿಸಿ ಹೆಬ್ಬೆರಳಿನಿಂದ ಒತ್ತಿದರೆ ಎಲ್ಲವೂ ಒಂದೇ ಸಲ ಒಳಗಿಳಿಯುತ್ತವೆ. ಕ್ಲಿಪ್ಪನ್ನು ಕಿತ್ತೊಡನೆ ಬೋಲ್ಟ್ ತಾನೇ ಮುಂದಕ್ಕೆ ಬಡಿದು ಮೊದಲ ತೋಟಾವನ್ನು ನಳಿಗೆಗೆ ಏರಿಸುತ್ತದೆ. ಆರು ಗುಂಡಿನ ರಿವಾಲ್ವರಿಗೆ ಒಂದೊಂದಾಗಿ ತುಂಬುತ್ತಿದ್ದ ಕಾಲದಲ್ಲಿ ಇದು ದೊಡ್ಡ ಅನುಕೂಲ. ಆದರೆ ನಾಲ್ಕೈದು ಗುಂಡು ಹಾರಿಸಿದ ಮೇಲೆ ಉಳಿದ ಜಾಗ ತುಂಬಲು ಹೊರಟರೆ ಕಷ್ಟ. ಮ್ಯಾಗಜಿನ್ ಪೂರ್ತಿ ಬರಿದಾಗದೆ ಬೋಲ್ಟ್ ತೆರೆದು ನಿಲ್ಲುವುದಿಲ್ಲ. ಅದನ್ನು ಒಂದು ಕೈಯಲ್ಲಿ ಎಳೆದು ಹಿಡಿದೇ ತುಂಬಬೇಕು. ಬರಿದು ಮಾಡಲೂ ಸಾಮಾನ್ಯವಾಗಿ ಬೋಲ್ಟನ್ನು ಮತ್ತೆ ಮತ್ತೆ ಎಳೆದು ತೋಟಾಗಳನ್ನು ಒಂದೊಂದಾಗಿ ಹೊರಹಾಕಬೇಕು. ಪ್ರತಿ ಸಲವೂ ತುಂಬಿದ ನಳಿಗೆಯ ಹಿಂದೆ ಹ್ಯಾಮರ್ ಎದ್ದು ನಿಂತಿರುತ್ತದೆ. ಅನನುಭವಿಗಳ ಕೈಯಲ್ಲಿ ಇದು ಅಪಾಯದ ಗಳಿಗೆ. ಸುರಕ್ಷಾ ಕೀಲಿಯ ರಚನೆಯನ್ನು ಕಾರ್ಖಾನೆ ಮತ್ತೆ ಮತ್ತೆ ತಿದ್ದಿತು. 1912ರ ಸುಮಾರಿಗೆ ಬಂದ 'ಹೊಸ ಸುರಕ್ಷೆ'ಯ ಪಿಸ್ತೂಲುಗಳನ್ನು ಹ್ಯಾಮರಿನ ಹಿಂಬದಿಯ 'ಎನ್‌ಎಸ್' ಅಕ್ಷರಗಳಿಂದ ಗುರುತಿಸಬಹುದು.

ಅಧಿಕಾರಿಗಳ ಅನುಭವ

ಇದರ ಅತ್ಯಂತ ಹೆಸರಾಂತ ಖಾಸಗಿ ಮಾಲೀಕ ವಿನ್‌ಸ್ಟನ್ ಚರ್ಚಿಲ್. ಅವರ ಆಯ್ಕೆಗೂ ಬೆಂಗಳೂರಿಗೂ ನಂಟಿದೆ. 1896ರ ಅಕ್ಟೋಬರಿನಲ್ಲಿ 4ನೇ ಹುಸ್ಸಾರ್ಸ್ ಅಶ್ವದಳದೊಂದಿಗೆ ಬೆಂಗಳೂರಿಗೆ ಹೊರಟಿದ್ದ ಚರ್ಚಿಲ್, ಮುಂಬಯಿಯ ಸಸೂನ್ ಡಾಕ್‌ನಲ್ಲಿ ದೋಣಿಯಿಂದ ಇಳಿಯುವಾಗ ಗೋಡೆಯ ಕಬ್ಬಿಣದ ಬಳೆ ಹಿಡಿದರು. ಅಷ್ಟರಲ್ಲಿ ಅಲೆ ತಗ್ಗಿ ದೋಣಿ ಕೆಳಗೆ ಜಾರಿತು, ಬಲ ಭುಜ ಉಳುಕಿತು. ಆ ಭುಜ ಕೊನೆಯವರೆಗೂ ಸರಿಹೋಗಲಿಲ್ಲ. ಬೆಂಗಳೂರು ದಂಡಿನಲ್ಲಿದ್ದ ವರ್ಷಗಳಲ್ಲಿ ತೋಳನ್ನು ಮೈಗೆ ಕಟ್ಟಿಕೊಂಡೇ ಪೋಲೋ ಆಡಿದರು. ಕತ್ತಿ ಬೀಸುವುದು ಮಾತ್ರ ಆಗದ ಮಾತು. ಹಾಗಾಗಿ 1898ರಲ್ಲಿ ಸುಡಾನ್ ದಂಡಯಾತ್ರೆಗೆ ಹೋಗುವ ಮುನ್ನ ಲಂಡನ್ನಿನಲ್ಲಿ ಆಗಷ್ಟೇ ಬಂದಿದ್ದ ಮೌಸರ್ ಕೊಂಡು, ದಾರಿಯುದ್ದಕ್ಕೂ ಗುರಿ ಅಭ್ಯಾಸ ಮಾಡಿದರು. ಸೆಪ್ಟೆಂಬರ್ 2ರ ಓಮ್‌ಡರ್ಮನ್ ಕಾಳಗದಲ್ಲಿ 21ನೇ ಲ್ಯಾನ್ಸರ್ಸ್ ದಳ ಕುದುರೆಯ ಮೇಲೆ ನುಗ್ಗಿದಾಗ ಕತ್ತಿಯನ್ನು ಒರೆಗೆ ಸೇರಿಸಿ ಪಿಸ್ತೂಲು ಹಿಡಿದರು. ತಾನು ಹಾರಿಸಿದ ಹತ್ತೂ ಗುಂಡುಗಳು ಬೇಕಾಗಿದ್ದವು, ಗುಂಪಿನಿಂದ ಪಾರಾಗುವ ಹೊತ್ತಿಗೆ ಅವು ಮುಗಿದಿದ್ದವು ಎಂಬ ಅರ್ಥದಲ್ಲಿ ಕೆಲವು ದಿನಗಳ ನಂತರ ಪತ್ರ ಬರೆದರು; ಆಯುಧವನ್ನು ಮನಸಾರೆ ಹೊಗಳಿದರು. ಓಡುವ ಕುದುರೆಯ ಮೇಲೆ ಮತ್ತೆ ತುಂಬುವ ಪ್ರಮೇಯವೇ ಬರಲಿಲ್ಲ ಎಂಬುದನ್ನು ಈ ಹೊಗಳಿಕೆಯನ್ನು ಓದುವಾಗ ಗಮನಿಸಬೇಕು. 1899ರ ನವೆಂಬರ್ 15ರಂದು ದಕ್ಷಿಣ ಆಫ್ರಿಕದಲ್ಲಿ ಬೋಯರರು ಅವರನ್ನು ಸೆರೆಹಿಡಿದಾಗ ಮೌಸರ್ ಸೊಂಟದಲ್ಲಿರಲಿಲ್ಲ; ರೈಲು ಹಳಿ ತೆರವು ಮಾಡುವಾಗ ಕಳಚಿ ಎಂಜಿನ್ನಿನಲ್ಲೇ ಬಿಟ್ಟಿದ್ದರು.

ಇತರ ಅಧಿಕಾರಿಗಳ ಅಭಿಪ್ರಾಯ ಒಂದೇ ಬಗೆಯದಲ್ಲ. ಮುಂಭಾರವಾದ್ದರಿಂದ ಕೈ ಅಲುಗದು, ಗುಂಡು ನೇರ ಹೋಗುತ್ತದೆ, ದಸ್ತಿ ಹಾಕಿದರೆ ನೂರು ಮೀಟರಿನಾಚೆಗೂ ಗುರಿ ಸಿಗುತ್ತದೆ ಎಂಬುದು ಮೆಚ್ಚಿದವರ ಮಾತು. ಖಾಲಿ ಇದ್ದಾಗಲೇ ಒಂದು ಕಿಲೋಗ್ರಾಂ ಮೀರುವ ಭಾರ, ದೊಡ್ಡ ಅಂಗೈಗೆ ಸಾಲದ ಹಿಡಿ, ಕೈಗಿಂತ ಬಹಳ ಎತ್ತರದಲ್ಲಿರುವ ನಳಿಗೆಯಿಂದಾಗಿ ಗುಂಡು ಹಾರಿದಾಗ ಮೂತಿ ಮೇಲೇಳುವುದು, ಇವು ಮೆಚ್ಚದವರ ದೂರು. ವೇಗ ಹೆಚ್ಚಿದ್ದರೂ ಹಗುರ ಗುಂಡು ಮೈಯನ್ನು ತೂರಿಕೊಂಡು ಹೋಗುತ್ತದೆಯೇ ಹೊರತು ಎದುರಾಳಿಯನ್ನು ತಡೆದು ನಿಲ್ಲಿಸದು ಎಂದು .455 ವೆಬ್ಲಿ ರಿವಾಲ್ವರಿಗೆ ಒಗ್ಗಿದವರು ವಾದಿಸಿದರು. ಹಲವು ಮಾದರಿಗಳ ಸೈಟ್ ಪಟ್ಟಿಯಲ್ಲಿ 1000 ಮೀಟರಿನವರೆಗೆ ಅಂಕಿ ಕೊರೆದಿದ್ದಾರೆ. ಪಿಸ್ತೂಲಿನ ಮಟ್ಟಿಗೆ ಅದು ಅತಿಯಾದ ಭರವಸೆ.

ಮೊದಲ ಮಹಾಯುದ್ಧದಲ್ಲಿ ಲೂಗರ್ ಪಿಸ್ತೂಲುಗಳು ಸಾಲದೆ ಜರ್ಮನ್ ಸೈನ್ಯ 9 ಮಿ.ಮೀ. ಪ್ಯಾರಾಬೆಲ್ಲಮ್ ತೋಟಾದ 1,50,000 ಮೌಸರುಗಳಿಗೆ ಬೇಡಿಕೆ ಇಟ್ಟಿತು. ತಪ್ಪು ತೋಟಾ ತುಂಬಬಾರದೆಂದು ಹಿಡಿಯ ಮೇಲೆ ದೊಡ್ಡ 9 ಕೊರೆದು ಕೆಂಪು ಬಳಿಯಲಾಯಿತು. ಐರ್ಲೆಂಡಿನಲ್ಲಿ ಇದರ ಹೆಸರು 'ಪೀಟರ್ ದಿ ಪೇಂಟರ್'. 1916ರ ಈಸ್ಟರ್ ದಂಗೆಯಲ್ಲಿ ಡಬ್ಲಿನ್ನಿನ ಮೌಂಟ್ ಸ್ಟ್ರೀಟ್ ಸೇತುವೆಯ ಬಳಿ ಬ್ರಿಟಿಷ್ ಪಡೆಯನ್ನು ಗಂಟೆಗಟ್ಟಲೆ ತಡೆದ ಮೈಕಲ್ ಮಲೋನ್ ಕೈಯಲ್ಲಿದ್ದದ್ದು ದಂಗೆಯ ನಾಯಕರಲ್ಲೊಬ್ಬರಾದ ಡಿ ವಲೇರಾ ಕೊಟ್ಟ ಮೌಸರ್ ಎನ್ನುತ್ತಾರೆ.

ಬಂಗಾಳ: ರೋಡಾ ಪ್ರಕರಣ ಮತ್ತು ನಂತರ

ಭಾರತದಲ್ಲಿ ಮೌಸರ್ ಮನೆಮಾತಾದದ್ದು ಒಂದು ಎತ್ತಿನ ಗಾಡಿಯಿಂದ. ಕಲ್ಕತ್ತದ ವ್ಯಾನ್ಸಿಟಾರ್ಟ್ ರೋನಲ್ಲಿ ಆರ್. ಬಿ. ರೋಡಾ ಎಂಬ ಬಂದೂಕು ವ್ಯಾಪಾರಿ ಸಂಸ್ಥೆಯ ಉಗ್ರಾಣವಿತ್ತು. ಅದರ ಗುಮಾಸ್ತ ಶ್ರೀಶಚಂದ್ರ ಮಿತ್ರ ಗೆಳೆಯರಿಗೆಲ್ಲ ಹಾಬು; ಕಸ್ಟಮ್ಸ್ ಹೌಸಿನಿಂದ ಸರಕು ಬಿಡಿಸಿ ತರುವುದು ಅವರ ಕೆಲಸ. 1914ರ ಆಗಸ್ಟ್ 26ರಂದು ಅವರು 202 ಪೆಟ್ಟಿಗೆ ಬಿಡಿಸಿದರು, ಉಗ್ರಾಣಕ್ಕೆ ತಲುಪಿಸಿದ್ದು 192. ಉಳಿದದ್ದನ್ನು ತರುತ್ತೇನೆಂದು ಹೋದವರು ಮರಳಲಿಲ್ಲ. ಏಳು ಗಾಡಿಗಳಲ್ಲಿ ಆರು ಉಗ್ರಾಣ ಸೇರಿದವು. ಗಾಡಿಯವನ ವೇಷದಲ್ಲಿದ್ದ ಕ್ರಾಂತಿಕಾರಿ ಹರಿದಾಸ ದತ್ತ ಹೊಡೆಯುತ್ತಿದ್ದ ಏಳನೆಯದು ಮಲಂಗಾ ಲೇನ್ ಕಡೆಗೆ ತಿರುಗಿತು. ಪೊಲೀಸರಿಗೆ ದೂರು ಹೋದದ್ದು ಮೂರು ದಿನದ ಮೇಲೆ. ಅಷ್ಟರಲ್ಲಿ 50 ಮೌಸರ್ ಪಿಸ್ತೂಲುಗಳೂ 46,000 ತೋಟಾಗಳೂ ಊರಿನಲ್ಲಿ ಕರಗಿಹೋಗಿದ್ದವು.

ಚರಿತ್ರೆ ಬರೆದವರೆಲ್ಲ ಪಿಸ್ತೂಲುಗಳ ಸಂಖ್ಯೆಯನ್ನು ಎತ್ತಿ ಹೇಳಿದ್ದಾರೆ. ಈ ಲೇಖಕನ ದೃಷ್ಟಿಯಲ್ಲಿ ತೋಟಾಗಳ ಸಂಖ್ಯೆಯೇ ಹೆಚ್ಚು ಮುಖ್ಯ. ಒಂದು ಪಿಸ್ತೂಲಿಗೆ ಸರಾಸರಿ 920 ತೋಟಾ. ಕದ್ದ ರಿವಾಲ್ವರಿಗೆ ಹೊಂದುವ ನಾಲ್ಕು ಗುಂಡಿಗಾಗಿ ತಿಂಗಳುಗಟ್ಟಲೆ ಅಲೆಯುತ್ತಿದ್ದ ಗುಪ್ತ ತಂಡಗಳಿಗೆ, ಕೂತು ಗುರಿ ಅಭ್ಯಾಸ ಮಾಡುವಷ್ಟು ಮದ್ದು ಕೈಗೆ ಬಂದದ್ದು ಆಗಲೇ. 1918ರ ರೌಲತ್ ಸಮಿತಿಯ ವರದಿ ಹೇಳುವಂತೆ 44 ಪಿಸ್ತೂಲುಗಳು ಕೂಡಲೇ ಒಂಬತ್ತು ಕ್ರಾಂತಿಕಾರಿ ಗುಂಪುಗಳಿಗೆ ಹಂಚಿಕೆಯಾದವು. 54 ದರೋಡೆ, ಕೊಲೆ ಅಥವಾ ಅಂಥ ಯತ್ನಗಳಲ್ಲಿ ಬಳಕೆಯಾದವು. 31 ಮತ್ತೆ ಪೊಲೀಸರ ವಶಕ್ಕೆ ಬಂದವು. ಹಗೆಗಳೆಂದು ಪರಸ್ಪರ ದೂರವಿದ್ದ ಗುಂಪುಗಳೂ ಒಂದೇ ಗಾಡಿಯ ಸರಕನ್ನು ಹಂಚಿಕೊಂಡವು ಎಂಬುದು ಆ ಅಂಕಿಗಳ ಹಿಂದಿನ ಸಂಗತಿ. ಪೆಟ್ಟಿಗೆಯನ್ನೇ ಹಿಡಿಗೆ ಜೋಡಿಸಿ ಬಂದೂಕಿನಂತೆ ಭುಜದಿಂದ ಹಾರಿಸಬಹುದು ಎಂದು ವರದಿ ವಿಶೇಷವಾಗಿ ದಾಖಲಿಸಿರುವುದರಿಂದ, ಕಳುವಾದದ್ದು ಸಿ96 ಎಂಬುದರಲ್ಲಿ ಅನುಮಾನವಿಲ್ಲ.

ಆ ದಸ್ತಿಯ ಬೆಲೆ ಗೊತ್ತಾದದ್ದು 1915ರ ಸೆಪ್ಟೆಂಬರ್ 9ರಂದು, ಒಡಿಶಾದ ಬಾಲಾಸೋರ್ ಬಳಿಯ ಚಷಾಖಂಡದಲ್ಲಿ. ಜತೀಂದ್ರನಾಥ ಮುಖರ್ಜಿ, ಅಂದರೆ ಬಾಘಾ ಜತೀನ್, ನಾಲ್ವರು ಸಂಗಾತಿಗಳೊಂದಿಗೆ ಮೌಸರ್ ಹಿಡಿದು ರೈಫಲ್‌ಧಾರಿ ಪೊಲೀಸ್ ಪಡೆಯನ್ನು ಎದುರಿಸಿದರು. ಕಾಳಗ ಒಂದು ಗಂಟೆಗೂ ಮೀರಿ ನಡೆಯಿತೆಂದು ಹೇಳುತ್ತಾರೆ. ಸಾಮಾನ್ಯ ರಿವಾಲ್ವರುಗಳಿಂದ ಐವರು ರೈಫಲುಗಳನ್ನು ಅಷ್ಟು ಹೊತ್ತು ದೂರ ನಿಲ್ಲಿಸುವುದು ಸಾಧ್ಯವಿತ್ತೆಂದು ತೋರುವುದಿಲ್ಲ. ಚಿತ್ತಪ್ರಿಯ ರಾಯ್ ಚೌಧರಿ ಅಲ್ಲೇ ಮಡಿದರು. ಜತೀನ್ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೋರಂಜನ್ ಸೇನ್‌ಗುಪ್ತ, ನೀರೇಂದ್ರನಾಥ್ ದಾಸ್‌ಗುಪ್ತ ಗಲ್ಲಿಗೇರಿದರು.

ಅದೇ ಪಿಸ್ತೂಲಿನ ಇನ್ನೊಂದು ಮುಖ 1925ರ ಆಗಸ್ಟ್ 9ರಂದು ಲಖನೌ ಬಳಿಯ ಕಾಕೋರಿಯಲ್ಲಿ ಕಂಡಿತು. ಕ್ರಾಂತಿಕಾರಿ ರಾಮಪ್ರಸಾದ್ ಬಿಸ್ಮಿಲ್ಲರ ತಂಡ ರೈಲು ನಿಲ್ಲಿಸಿ ಸರ್ಕಾರಿ ಹಣ ತೆಗೆದ ಆ ರಾತ್ರಿ ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ. ತಂಡದ ಕಿರಿಯ ಮನ್ಮಥನಾಥ ಗುಪ್ತರ ಕೈಯಲ್ಲಿದ್ದ ಮೌಸರ್ ಆಕಸ್ಮಿಕವಾಗಿ ಸಿಡಿದು ಒಬ್ಬ ಪ್ರಯಾಣಿಕರು ಸತ್ತರು. ಮುಂದೆ ನಾಲ್ವರನ್ನು ಗಲ್ಲಿಗೇರಿಸಿದ ಮೊಕದ್ದಮೆಯಲ್ಲಿ ಆ ಸಾವು ಭಾರವಾಗಿ ಕೂತಿತು.

ಚೀನಾ

1919ರಿಂದ ಹತ್ತು ವರ್ಷ ಚೀನಾಕ್ಕೆ ಶಸ್ತ್ರ ಮಾರಾಟದ ಮೇಲೆ ದೊಡ್ಡ ದೇಶಗಳ ನಿರ್ಬಂಧವಿತ್ತು. ರೈಫಲ್ ಸಿಗದ ಕಡೆ ದಸ್ತಿ ಇರುವ ಪಿಸ್ತೂಲು ಅದರ ಜಾಗ ತುಂಬಿತು. ಸ್ಪೇನಿನ ಆಸ್ಟ್ರಾ ಮುಂತಾದ ಕಾರ್ಖಾನೆಗಳು ಇದೇ ಮಾರುಕಟ್ಟೆಗೆ ಇದನ್ನು ಹೋಲುವ ಪಿಸ್ತೂಲುಗಳನ್ನು ಮಾಡಿದವು. ಶಾನ್‌ಷಿ ಪ್ರಾಂತದ ಸೇನಾಧಿಪತಿ ಯೆನ್ ಷಿಶಾನ್ ತನ್ನ ತೈಯುವಾನ್ ಕಾರ್ಖಾನೆಯಲ್ಲಿ .45 ತೋಟಾದ ದೊಡ್ಡ ಮೌಸರನ್ನೇ ತಯಾರಿಸಿದ. 1930ರ ದಶಕದ ಪೂರ್ಣ ಸ್ವಯಂಚಾಲಿತ ಮಾದರಿಗಳಲ್ಲಿ ಮೂತಿ ವಿಪರೀತ ಮೇಲೇಳುತ್ತಿತ್ತು. ಚೀನೀ ಸೈನಿಕರು ಪಿಸ್ತೂಲನ್ನು ಅಡ್ಡ ಮಲಗಿಸಿ ಹಿಡಿದರು. ಏಳಬೇಕಾದ ಮೂತಿ ಪಕ್ಕಕ್ಕೆ ಸಾಗಿ ಗುಂಡುಗಳು ಸಾಲಾಗಿ ಹರಡಿದವು. ದೋಷವನ್ನೇ ಗುಣವಾಗಿಸಿಕೊಂಡ ಬಳಕೆದಾರರ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣದು. 1927ರ ನಾನ್‌ಚಾಂಗ್ ದಂಗೆಯಲ್ಲಿ ಕಮ್ಯುನಿಸ್ಟ್ ನಾಯಕ ಝೂ ದೆ ಬಳಸಿದ ಮೌಸರ್ ಬೀಜಿಂಗಿನ ಸೈನಿಕ ಸಂಗ್ರಹಾಲಯದಲ್ಲಿದೆ. ದಂಗೆಯ ನೆನಪನ್ನೂ ತನ್ನ ಹೆಸರನ್ನೂ ಆತ ಅದರ ಮೇಲೆ ಕೆತ್ತಿಸಿದ್ದಾನೆ.

ಸಂಗ್ರಾಹಕರು

ಇಂದು ಇದನ್ನು ಕೊಳ್ಳುವವರು ಮುಖ್ಯವಾಗಿ ಅಮೆರಿಕ, ಯೂರೋಪಿನ ಸಂಗ್ರಾಹಕರು. ಬಿಡಿಭಾಗಗಳ ಮೇಲೂ ಒರೆಯ ಮೇಲೂ ಒಂದೇ ಕ್ರಮಸಂಖ್ಯೆ ಇದ್ದರೆ ಬೆಲೆ ಹೆಚ್ಚು. ಚೀನಾದಿಂದ ಬಂದವುಗಳ ನಳಿಗೆ ಸಾಮಾನ್ಯವಾಗಿ ಸವೆದಿರುತ್ತದೆ. ಹಳೆಯ ಸ್ಪ್ರಿಂಗುಗಳನ್ನು ಬದಲಿಸದೆ ಹಾರಿಸಬಾರದು, ಅಳತೆ ಹೊಂದಿದರೂ ಹೆಚ್ಚು ಒತ್ತಡದ ಟೋಕರೆವ್ ತೋಟಾ ಹಾಕಬಾರದು ಎಂಬುದು ಅನುಭವಸ್ಥರ ಎಚ್ಚರಿಕೆ.

ಹೆಸರಿನ ಗೊಂದಲ

ಮೌಸರ್ ಕಂಪನಿ ಜೇಬಿನಲ್ಲಿ ಹಿಡಿಯುವ ಚಿಕ್ಕ ಪಿಸ್ತೂಲುಗಳನ್ನೂ ಮಾಡಿದೆ, ರೈಫಲುಗಳನ್ನಂತೂ ಎಣಿಸಲಾಗದಷ್ಟು. ಹಳೆಯ ಭಾರತೀಯ ದಾಖಲೆಗಳಲ್ಲಿ 'ಮೌಸರ್' ಎಂದಿದ್ದ ಮಾತ್ರಕ್ಕೆ ಸಿ96 ಎಂದು ತಿಳಿಯಬಾರದು. ತೋಟಾದ ಅಳತೆ ಅಥವಾ ಮರದ ಒರೆಯ ಉಲ್ಲೇಖ ಹುಡುಕಬೇಕು. ಚಂದ್ರಶೇಖರ ಆಜಾದರ ಕೊನೆಯ ಆಯುಧ ಮೌಸರ್ ಎಂಬ ನಂಬಿಕೆ ಹಿಂದಿ ಸಿನಿಮಾಗಳಿಂದಲೂ ಚಿತ್ರಪಟಗಳಿಂದಲೂ ವ್ಯಾಪಕವಾಗಿದೆ. 1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಅವರ ಕೈಯಲ್ಲಿದ್ದು, ಈಗ ಅಲ್ಲಿನ ಸಂಗ್ರಹಾಲಯದಲ್ಲಿರುವುದು ಅಮೆರಿಕದ ಕೋಲ್ಟ್ ಕಂಪನಿಯ 1903ರ ಮಾದರಿಯ .32 ಪಿಸ್ತೂಲು.