ಸುಶ್ರುತನ ಅರ್ಶೋಯಂತ್ರ

ಉದರವನ್ನು ಸೀಳದೆ ಗುದಮಾರ್ಗದಿಂದಲೇ ಮಲಾಶಯದ ದುರ್ಮಾಂಸವನ್ನು ಛೇದಿಸುವ ಈಗಿನ ಪದ್ಧತಿಯು ಸುಶ್ರುತನಿಗೆ ತಿಳಿದೇ ಇತ್ತೆಂದು ಹೇಳುವುದುಂಟು. ಮೂಲವು ಇದಕ್ಕೆ ಅರ್ಧಸಮ್ಮತಿಯನ್ನು ಮಾತ್ರ ಕೊಡುತ್ತದೆ.

ಚಿಕಿತ್ಸಾಸ್ಥಾನದ 6ನೆಯ ಅಧ್ಯಾಯದಲ್ಲಿ ಹೇಳಿರುವ ಅರ್ಶೋಯಂತ್ರವು ಗೋಸ್ತನಾಕಾರದ ನಳಿಗೆ. ಲೋಹ, ದಂತ, ಕೊಂಬು ಅಥವಾ ಮರದಿಂದಾದುದು. ಉದ್ದ 4 ಅಂಗುಲ, ಸುತ್ತಳತೆ ಪುರುಷರಿಗೆ 5, ಸ್ತ್ರೀಯರಿಗೆ 6. ನೋಡುವುದಕ್ಕೆ ಎರಡು ರಂಧ್ರವುಳ್ಳದ್ದು, ಕರ್ಮಕ್ಕೆ ಒಂದೇ ರಂಧ್ರವುಳ್ಳದ್ದು. ದ್ವಾರವೊಂದೇ ಆದರೆ ಶಸ್ತ್ರ, ಕ್ಷಾರ, ಅಗ್ನಿಗಳು ಎಲ್ಲೆಯನ್ನು ಮೀರವೆಂಬುದು ಆಚಾರ್ಯನು ಕೊಡುವ ಕಾರಣ. ಯಂತ್ರದ ಅಳತೆಗಿಂತ ಈ ಕಾರಣವೇ ಹೆಚ್ಚು ಮನನೀಯವಾದುದು.

1983ರಲ್ಲಿ ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯನಾದ ಗೆರ್ಹಾರ್ಡ್ ಬ್ಯೂಸನು ರೋಗಿಗಳಲ್ಲಿ ಮೊದಲು ಪ್ರಯೋಗಿಸಿದ ನಳಿಗೆಯ ವ್ಯಾಸವು 4 ಸೆಂಟಿಮೀಟರು. ಮಲಾಶಯವನ್ನು ವಾಯುವಿನಿಂದ ಹಿಗ್ಗಿಸಿ, ಎರಡು ಕಣ್ಣಿಗೂ ಬೇರೆ ಬೇರೆಯಾದ ಮಸೂರಗಳಿಂದ ಆಳವನ್ನು ಕಂಡು, ದುರ್ಮಾಂಸವನ್ನು ಕತ್ತರಿಸಿ, ಗಾಯವನ್ನು ಒಳಗೇ ಹೊಲಿಯುವುದು ಅದರ ಕ್ರಮ. ಸುಶ್ರುತನ ಯಂತ್ರವಾದರೋ ಗುದದ ವಲಿಗಳನ್ನು ದಾಟಿ ಹೋಗುವುದಿಲ್ಲ. ಕರುಳು ಬದ್ಧವಾದರೆ ಅಥವಾ ಛಿದ್ರವಾದರೆ ಅವನೂ ಹೊಟ್ಟೆಯನ್ನೇ ಸೀಳಿ, 4 ಅಂಗುಲದಷ್ಟು ಕರುಳನ್ನು ಹೊರತೆಗೆದು ನೋಡಬೇಕೆಂದು ವಿಧಿಸುವನು. ಕರುಳಿನ ರಂಧ್ರವನ್ನು ಕರಿಯ ಇರುವೆಗಳಿಂದ ಕಚ್ಚಿಸಿ ಕೂಡಿಸುವ ಪ್ರಸಿದ್ಧ ವಿಧಾನವು ಬರುವುದೂ ಈ ಸೀಳಿದ ಹೊಟ್ಟೆಯ ಪ್ರಕರಣದಲ್ಲಿಯೇ.